ಐದಕ್ಕೆ ಸೊನ್ನೆ

ದಸರಾ ರಜೆ ಮುಗಿದ ಮೊದಲ ಸೋಮವಾರ ಕಮಲಾದೇವಿ ಒಂಬತ್ತನೇ ತರಗತಿಗೆ ಸಮಾಜ ವಿಜ್ಞಾನದ ಉತ್ತರಪತ್ರಿಕೆಗಳನ್ನು ಹಂಚುತ್ತಿದ್ದರು. ಅದು ತೊಂಬತ್ತೊಂಬತ್ತನೇ ಇಸವಿ. ಜಯನಗರದ ಆ ಶಾಲೆಗೆ ಅವರು ಸೇರಿ ಹನ್ನೊಂದು ವರ್ಷವಾಗಿತ್ತು. ಹೆಸರು ಕೂಗುವುದು, ಅಂಕ ಹೇಳುವುದು, ಕಡಿಮೆ ಬಂದವರಿಗೆ ಎರಡು ಬಿರುಸಾದ ಮಾತು. ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ. ಆದರೆ ಮುಬೀನಾ ತಾಜ್ ತನ್ನ ಪತ್ರಿಕೆ ಹಿಡಿದು ಮೇಜಿನ ಮುಂದೆಯೇ ನಿಂತಳು.

"ಮಿಸ್, ಒಂಬತ್ತನೇ ಪ್ರಶ್ನೆಗೆ ಐದಕ್ಕೆ ಸೊನ್ನೆ ಕೊಟ್ಟಿದ್ದೀರ."

ಇಸ್ಲಾಂ ಧರ್ಮದ ಮುಖ್ಯ ನಂಬಿಕೆಗಳಾವುವು ಎಂಬುದು ಪ್ರಶ್ನೆ.

"ನೋಟ್ಸ್‌ನಲ್ಲಿರೋದು ಬರೆದಿಲ್ಲ, ಕೊಟ್ಟಿಲ್ಲ."

"ನೋಟ್ಸ್‌ನಲ್ಲಿರೋದು ಸುಳ್ಳು ಮಿಸ್."

ಹದಿನಾಲ್ಕು ವರ್ಷದ ಹುಡುಗಿ ಎಲ್ಲರೆದುರು ಹೀಗೆ ಅಂದುಬಿಟ್ಟಳಲ್ಲ ಎಂದು ಕಮಲಾದೇವಿಯವರಿಗೆ ಮೈ ಉರಿಯಿತು. "ಆ ಉತ್ತರಾನ ಹತ್ತು ಸಲ ಬರ್ಕೊಂಡು ಬಾ. ಅಲ್ಲೀತನಕ ನನ್ನ ಕ್ಲಾಸಲ್ಲಿ ಕೂರ್ಬೇಡ" ಎಂದರು.

ಮುಬೀನಾ ಬರೆದು ತರಲಿಲ್ಲ. ಮಂಗಳವಾರ, ಬುಧವಾರ ಸಮಾಜದ ಪೀರಿಯಡ್ ಬಂದಾಗ ತಾನಾಗಿಯೇ ಎದ್ದು ಕಾರಿಡಾರಿನಲ್ಲಿ ನಿಂತಳು. ಅಳಲಿಲ್ಲ, ಕ್ಷಮೆ ಕೇಳಲಿಲ್ಲ. ಗುರುವಾರ ಅವಳ ತಂದೆ ಬಂದರು.

ಗೌಸ್ ಮೊಹಿದ್ದೀನ್ ತಿಲಕ್ ನಗರದಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವವರು. ಕಮಲಾದೇವಿ ಹೆಡ್‌ಮಾಸ್ಟರ್ ಕೋಣೆಗೆ ಹೋದಾಗ ಅವರು ನಿಂತೇ ಇದ್ದರು. ಎದುರಿಗೆ ಎರಡು ಕುರ್ಚಿ ಖಾಲಿ ಇದ್ದರೂ ಹೆಡ್‌ಮಾಸ್ಟರ್ ತಿರುಮಲೇಶ ಕೂರಲು ಹೇಳಿರಲಿಲ್ಲ. ಆ ನೋಟ್ಸ್ ಬರೆದವರು ತಿರುಮಲೇಶರೇ. ಪ್ರತಿ ಜೂನ್‌ನಲ್ಲಿ ಅದನ್ನೇ ಸೈಕ್ಲೋಸ್ಟೈಲ್ ಮಾಡಿಸಿ ಮಕ್ಕಳಿಗೆ ಕೊಡುತ್ತಿದ್ದರು.

"ಸಾರ್, ಹುಡುಗಿ ತಪ್ಪು ಮಾಡಿದ್ರೆ ಬೈಯಿರಿ, ಹೊಡೀರಿ, ನಾನು ಕೇಳಲ್ಲ" ಎಂದರು ಗೌಸ್. "ಆದ್ರೆ ಪೈಗಂಬರರನ್ನ ಪೂಜೆ ಮಾಡ್ತೀವಿ ಅಂತ ಅವಳ ಕೈಯಿಂದ ಬರೆಸ್ತಿದ್ದೀರ. ಅಲ್ಲಾನ್ನ ಬಿಟ್ಟು ಇನ್ಯಾರನ್ನ ಪೂಜೆ ಮಾಡಿದ್ರೂ ನಮ್ಮಲ್ಲಿ ಅದಕ್ಕಿಂತ ದೊಡ್ಡ ಪಾಪ ಇಲ್ಲ. ಐದು ಮಾರ್ಕ್ಸ್ ಹೋಗ್ಲಿ ಬಿಡಿ. ಬರೆಸೋದೊಂದು ಬೇಡ."

"ನೋಡ್ರಿ, ಇದು ಪರೀಕ್ಷೆ ಉತ್ತರ, ನಂಬಿಕೆ ವಿಷಯ ಅಲ್ಲ. ಮಿಕ್ಕ ನಲವತ್ತೆರಡು ಮಕ್ಕಳು ಬರೀಲಿಲ್ವಾ? ಒಬ್ಬಳಿಗೋಸ್ಕರ ನೋಟ್ಸ್ ಬದಲಾಯಿಸಿದ್ರೆ ನಾಳೆ ಇನ್ನೊಬ್ರು ಬರ್ತಾರೆ. ಸ್ಕೂಲು ಅಂದ್ಮೇಲೆ ಶಿಸ್ತು ಬೇಡ್ವಾ?" ಎಂದರು ತಿರುಮಲೇಶ.

"ಶಿಸ್ತು ಬೇಕು ಸಾರ್. ಸುಳ್ಳು ಯಾಕೆ ಬೇಕು?"

ಅಷ್ಟು ಹೇಳಿ, ಕೈ ಮುಗಿದು ಅವರು ಹೊರಟುಹೋದರು. ಬಾಗಿಲು ಮುಚ್ಚಿದ ಮೇಲೆ ತಿರುಮಲೇಶ ನಕ್ಕರು. "ನೋಡಿದ್ರಾ ಮೇಡಂ? ಸೀಟು ಕೊಟ್ಟಿದ್ದಕ್ಕೆ ಇದು ಪ್ರತಿಫಲ."

ಕಮಲಾದೇವಿ ನಗಲಿಲ್ಲ. ಮಾರ್ಕ್ಸ್ ಬೇಡ ಎಂದು ಹೇಳಲು ಒಂದು ದಿನದ ಕೆಲಸ ಬಿಟ್ಟು ಬಂದ ಪೋಷಕರನ್ನು ಅವರು ಈವರೆಗೆ ಕಂಡಿರಲಿಲ್ಲ. ಮುಬೀನಾ ನಿಂತಿದ್ದ ಕಾರಿಡಾರಿಗೆ ಹೋದರು. ಹೇಗಾದರೂ ಪುಸಲಾಯಿಸಿ ಒಪ್ಪಿಸೋಣ ಎಂದೇ ಹೋಗಿದ್ದು. ಆದರೆ ಬಾಯಿಂದ ಬಂದದ್ದು ಬೇರೆ ಮಾತು.

"ಏನು ನಿಮ್ಮ ನಂಬಿಕೆ? ನನಗೆ ಹೇಳು, ಕೇಳೋಣ."

ಮುಬೀನಾ ಅನುಮಾನದಿಂದಲೇ ಶುರು ಮಾಡಿದಳು. "ದೇವರು ಒಬ್ಬನೇ ಮಿಸ್. ಅವನಿಗೆ ಅಪ್ಪ ಅಮ್ಮ ಇಲ್ಲ, ಮಕ್ಕಳಿಲ್ಲ, ಅವನಂಥೋರು ಇನ್ನೊಬ್ಬರಿಲ್ಲ. ಮಹಮ್ಮದರು ಅವನ ಸಂದೇಶ ತಂದ ಮನುಷ್ಯರು. ಅವರನ್ನ ಪ್ರಾಣಕ್ಕಿಂತ ಜಾಸ್ತಿ ಪ್ರೀತಿ ಮಾಡ್ತೀವಿ, ಪೂಜೆ ಮಾಡಲ್ಲ."

"ಮತ್ತೆ ಆ ಮೆಕ್ಕಾದ ಕಡೆ ತಿರುಗಿ ನಮಸ್ಕಾರ ಮಾಡೋದು?"

"ಅದು ದಿಕ್ಕು ಮಿಸ್. ಎಲ್ಲೇ ಇದ್ರೂ ಎಲ್ಲರೂ ಒಂದೇ ಕಡೆ ತಿರುಗ್ಬೇಕು ಅಂತ. ಆಮೇಲೆ ದೇವದೂತರನ್ನ ನಂಬ್ತೀವಿ. ಅವನು ಹೇಳಿದ ಕೆಲಸ ಮಾಡೋರು ಅವರು. ಅವನು ಕಳಿಸಿದ ಗ್ರಂಥಗಳನ್ನ ನಂಬ್ತೀವಿ. ಕುರಾನ್ ಕೊನೇದು. ಅದಕ್ಕೂ ಮುಂಚೆ ಮೂಸಾ ಅವರಿಗೆ, ಈಸಾ ಅವರಿಗೆ ಎಲ್ಲ ಬಂದಿತ್ತು."

"ಈಸಾ ಅಂದ್ರೆ ಯಾರೇ?"

"ಯೇಸು ಮಿಸ್."

"ಯೇಸುವನ್ನ ನೀವು ಒಪ್ತೀರಾ?"

"ಒಪ್ಪದೇ ಇದ್ರೆ ಮುಸ್ಲಿಮರೇ ಅಲ್ಲ. ದೇವರ ಮಗ ಅನ್ನಲ್ಲ, ಪ್ರವಾದಿ ಅಂತೀವಿ. ಎಲ್ಲ ಪ್ರವಾದಿಗಳನ್ನೂ ನಂಬ್ಬೇಕು. ಕಡೇ ದಿನ ಒಂದಿದೆ ಮಿಸ್, ಅವತ್ತು ಸತ್ತವರನ್ನೆಲ್ಲ ಎಬ್ಬಿಸಿ ಏನೇನು ಮಾಡಿದೆ ಅಂತ ಕೇಳ್ತಾನೆ. ಆಮೇಲೆ ತಕ್ದೀರ್. ಒಳ್ಳೇದೋ ಕೆಟ್ಟದ್ದೋ, ಏನಾಗೋದೂ ಅವನಿಗೆ ಮೊದಲೇ ಗೊತ್ತು, ಅವನು ಬಿಟ್ರೇನೇ ಆಗೋದು ಅಂತ."

"ಮೊದಲೇ ಗೊತ್ತಿದ್ರೆ ನೀನು ಓದೋದ್ಯಾಕೆ?"

"ಗೊತ್ತಿರೋದು ಅವನಿಗೆ ಮಿಸ್, ನನಗಲ್ಲ. ನಾನು ಓದ್ಲೇಬೇಕಲ್ಲ."

ನಾಲ್ಕು ದಿನದಲ್ಲಿ ಮೊದಲ ಸಲ ಅವಳ ಮುಖದಲ್ಲಿ ನಗು ಕಾಣಿಸಿತು. ಕಮಲಾದೇವಿಗೂ ನಗು ಬಂತು. ಆದರೆ ನೋಟ್ಸ್‌ನ ಕೊನೆಯ ಸಾಲು ಅವರಿಗೆ ಬಾಯಿಪಾಠವಿತ್ತು: ಅನ್ಯಧರ್ಮೀಯರನ್ನು ದ್ವೇಷಿಸುವುದು ಇವರ ಧರ್ಮದ ನಿಯಮ. ಅದನ್ನು ಕೇಳಲು ನಾಲಿಗೆ ಏಳಲಿಲ್ಲ. ಹುಡುಗಿಯೇ ಹೇಳಿದಳು.

"ಆ ಕೊನೇ ಸಾಲು ಇದೆಯಲ್ಲ ಮಿಸ್, ಇಂಚರ ನನ್ನ ಮುಂದಿನ ಬೆಂಚಲ್ಲೇ ಕೂತು ಅದನ್ನ ಬರೆದ್ಲು. ಬರೆದು ಹೊರಗೆ ಬಂದು, ಅವರಮ್ಮ ಕಳಿಸಿದ್ದ ಚಿತ್ರಾನ್ನ ನನಗೂ ಕೊಟ್ಲು. ಅವಳಿಗೆ ಐದಕ್ಕೆ ಐದು ಬಂದಿದೆ."

ಕಮಲಾದೇವಿ ಸ್ಟಾಫ್ ರೂಮಿಗೆ ಬಂದು ಬೀರುವಿನ ಅಡಿಯಿಂದ ಪಠ್ಯಪುಸ್ತಕ ಎಳೆದು ತೆಗೆದರು. ನೋಟ್ಸ್ ಇರುವಾಗ ಅದನ್ನು ತೆರೆಯುವ ಅಗತ್ಯವೇ ಬಿದ್ದಿರಲಿಲ್ಲ. ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಪಾಠದ ಎರಡನೇ ಪುಟದಲ್ಲಿ ದೇವರು ಒಬ್ಬನೇ ಎಂದಿತ್ತು, ಮಹಮ್ಮದರು ದೇವರ ಸಂದೇಶವಾಹಕರು ಎಂದಿತ್ತು. ಪೂಜೆಯ ಮಾತಿರಲಿಲ್ಲ. ದ್ವೇಷದ ಮಾತಂತೂ ಎಲ್ಲೂ ಇರಲಿಲ್ಲ.

ಅವರಿಗೆ ಸಿಟ್ಟು ಬಂತು. ತಿರುಮಲೇಶರ ಮೇಲೆ ಸಿಟ್ಟು, ಅದಕ್ಕಿಂತ ಹೆಚ್ಚು ತನ್ನ ಮೇಲೆ. ಹನ್ನೊಂದು ವರ್ಷ, ವರ್ಷಕ್ಕೆ ನಲವತ್ತು ಮಕ್ಕಳು. ಅವರಲ್ಲಿ ಕೆಲವರು ಈಗ ಡಾಕ್ಟರು, ಕೆಲವರು ಪೊಲೀಸರು, ಬಾಡಿಗೆಗೆ ಕೊಡುವ ಮನೆಗಳ ಯಜಮಾನರು. ಅವರೆಲ್ಲ ಈ ಸಾಲನ್ನು ತಲೆಯಲ್ಲಿಟ್ಟುಕೊಂಡು ಊರಲ್ಲಿ ಓಡಾಡುತ್ತಿದ್ದಾರೆ. ಅದನ್ನು ಕೂರಿಸಿದ್ದು ನಾನು, ತಪ್ಪಿಲ್ಲದೆ ಬರೆದವರ ಬೆನ್ನು ತಟ್ಟಿದ್ದೂ ನಾನೇ.

ಪುಸ್ತಕ ಒಯ್ದು ಹೆಡ್‌ಮಾಸ್ಟರ್ ಮುಂದೆ ಇಟ್ಟರು. ತಿರುಮಲೇಶ ಓದಿದರು, ಮುಚ್ಚಿದರು. "ಸರಿ, ಮುಂದಿನ ವರ್ಷ ನೋಡೋಣ. ಈಗ ಮಧ್ಯದಲ್ಲಿ ಬೇಡ. ಪೇರೆಂಟ್ಸ್ ಕೇಳಿದ್ರೆ ಏನು ಹೇಳೋದು?"

"ತಪ್ಪು ಹೇಳಿಕೊಟ್ಟಿದ್ವಿ ಅಂತ ಹೇಳೋದು ಸಾರ್."

"ನಿಮಗ್ಯಾಕೆ ಇಷ್ಟೊಂದು ಆವೇಶ ಮೇಡಂ? ನೀವೇನು ಅವರ ಪೈಕಿನಾ?"

"ನಾನು ಮೇಷ್ಟ್ರ ಪೈಕಿ ಸಾರ್" ಎಂದು ಕಮಲಾದೇವಿ ಪುಸ್ತಕ ಎತ್ತಿಕೊಂಡರು.

ಶುಕ್ರವಾರ ಮುಬೀನಾ ಎಂದಿನಂತೆ ಹೊರಗೆ ಹೋಗಲು ಎದ್ದಳು. "ಕೂತ್ಕೋ" ಎಂದರು ಕಮಲಾದೇವಿ. ಆಮೇಲೆ, "ಇಲ್ಲ, ಮುಂದೆ ಬಾ. ನಿನ್ನೆ ನನಗೆ ಹೇಳಿದ್ದನ್ನ ಎಲ್ಲರಿಗೂ ಹೇಳು."

ಹುಡುಗಿ ನಿಂತಲ್ಲೇ ತಲೆ ಅಲ್ಲಾಡಿಸಿದಳು. "ನೀವೇ ಹೇಳಿ ಮಿಸ್. ನಾನು ಹೇಳಿದ್ರೆ, ಇವಳು ತನ್ನ ಧರ್ಮದ ಪರ ಹೇಳ್ತಾಳೆ ಅಂತಾರೆ. ನೀವು ಹೇಳಿದ್ರೆ ನಂಬ್ತಾರೆ."

ಮಾತು ಕೆನ್ನೆಗೆ ಬಾರಿಸಿದಂತಿತ್ತು. ಕಮಲಾದೇವಿ ಸೀಮೆಸುಣ್ಣ ತೆಗೆದುಕೊಂಡರು. ನೋಟ್ಸ್‌ನ ಆ ಪುಟ ಹೊಡೆದುಹಾಕಿ ಎಂದರು. ನಾನು ಕಲಿಸಿದ್ದು ತಪ್ಪು, ಮುಬೀನಾ ಬರೆದದ್ದು ಸರಿ, ಅವಳಿಗೆ ಐದಕ್ಕೆ ಐದು ಎಂದರು. ಹಿಂದಿನ ಬೆಂಚಿನ ಮಾಧವ, "ಹಂಗಾದ್ರೆ ನಮ್ಮ ಮಾರ್ಕ್ಸ್ ಕಟ್ಟಾ ಮಿಸ್?" ಎಂದ. "ಇಲ್ಲಪ್ಪ. ನಿಮ್ಮ ಕೈಲಿ ಬರೆಸಿದ ತಪ್ಪು ನಂದು" ಎಂದು ಅವರು ಪಾಠವನ್ನು ಮೊದಲಿನಿಂದ ಶುರು ಮಾಡಿದರು. ಇಂಚರ ಮಾತ್ರ ಬೋರ್ಡು ನೋಡಲಿಲ್ಲ. ಆ ಕೊನೆಯ ಸಾಲಿನ ಮೇಲೆ ಹಾಳೆ ಹರಿಯುವ ತನಕ ಪೆನ್ನು ಉಜ್ಜುತ್ತಿದ್ದಳು. ಆಮೇಲೆ ಹಿಂದೆ ತಿರುಗಿ ಮುಬೀನಾಗೆ ಏನೋ ಹೇಳಿದಳು. ಕಮಲಾದೇವಿಗೆ ಅದು ಕೇಳಿಸಲಿಲ್ಲ.

ಸೋಮವಾರ ಬೆಳಿಗ್ಗೆ ಜವಾನ ಪಿಳ್ಳಣ್ಣ ಒಂದು ಮೆಮೋ ತಂದುಕೊಟ್ಟ. ಮುಖ್ಯೋಪಾಧ್ಯಾಯರ ಅನುಮತಿಯಿಲ್ಲದೆ ನೋಟ್ಸಿಗೆ ವಿರುದ್ಧವಾಗಿ ಬೋಧಿಸಿದ್ದೇಕೆ ಎಂದು ಲಿಖಿತ ವಿವರಣೆ ಕೇಳಿತ್ತು.

ಕಮಲಾದೇವಿ ಅವನನ್ನು ಅಲ್ಲೇ ನಿಲ್ಲಿಸಿಕೊಂಡು ಉತ್ತರ ಬರೆದರು: "ಹನ್ನೊಂದು ವರ್ಷ ನಾನು ಈ ಶಾಲೆಯಲ್ಲಿ ಮಕ್ಕಳಿಗೆ ಸುಳ್ಳು ಕಲಿಸಿದ್ದೇನೆ. ಅದಕ್ಕಾಗಿ ತಾವು ಒಮ್ಮೆಯೂ ವಿವರಣೆ ಕೇಳಲಿಲ್ಲ."

ಕೆಳಗೆ ಪೂರ್ತಿ ಹೆಸರು ಹಾಕಿ ಸಹಿ ಮಾಡಿ ಪಿಳ್ಳಣ್ಣನ ಕೈಗಿಟ್ಟರು.