ಬಕ್ಕಪ್ಪ ಕೊಟ್ಟ ಕಂಬಳಿ

ಕುರುಬನೊಬ್ಬ ಕಂಬಳಿ ಕಳೆದುಕೊಂಡೆ ಅಂದರೆ, ಬೇರೆ ಕಾಲದಲ್ಲಾಗಿದ್ದರೆ ಠಾಣಾ ಕುಶನೂರಿನ ನಾಯಿಯೂ ನಂಬುತ್ತಿರಲಿಲ್ಲ. ಕುರಿ ಕಳೆಯುತ್ತದೆ, ಕೊಡಲಿ ಕಳೆಯುತ್ತದೆ, ಒಮ್ಮೊಮ್ಮೆ ದಾರಿಯೂ ತಪ್ಪುತ್ತದೆ. ಹೆಗಲ ಮೇಲಿನ ಕಂಬಳಿ ಮಾತ್ರ ಕಳೆಯುವುದಿಲ್ಲ. ಮಳೆಗೆ ಅದೇ ಕೊಪ್ಪೆ, ರಾತ್ರಿಗೆ ಅದೇ ಹಾಸಿಗೆ, ಸತ್ತ ಮೇಲೆ ಅದೇ ಹೊದಿಕೆ. ಆದರೆ ಮಡೆಪ್ಪ ಬರಿ ಹೆಗಲಿನಲ್ಲಿ ಮನೆಗೆ ಬಂದದ್ದು, ನಿಜಾಮನ ಸೀಮೆಗೆ ಹಿಂದುಸ್ತಾನದ ಮಿಲ್ಟ್ರಿ ನುಗ್ಗಿ ಪೊಲೀಸ್ ಆಕ್ಷನ್ ಆದ ವಾರದಲ್ಲಿ. ಆ ವಾರ ಬೀದರ ಸೀಮೆಯಲ್ಲಿ ಮನುಷ್ಯರೇ ಲೆಕ್ಕಕ್ಕೆ ಸಿಗದೆ ಹೋಗಿದ್ದರು, ಇನ್ನು ಕಂಬಳಿಯನ್ನು ಕೇಳುವವರು ಯಾರು? ಮಾಂಜ್ರಾ ದಾಟುವಾಗ ಹೊಳೆ ಸೆಳೆದುಕೊಂಡು ಹೋಯಿತು ಅಂದ. ಹೆಂಡತಿ ಸುಂದರಬಾಯಿ ನಂಬಿದಳು. ಅವಳಿಗೆ ಆಗ ಕಂಬಳಿಯ ಚಿಂತೆಯೇ ಇರಲಿಲ್ಲ. ಇದ್ದೊಬ್ಬ ಮಗ ಮಾಣಿಕ ಕುರಿ ಹೊಡೆದುಕೊಂಡು ಭಾಲ್ಕಿಯ ಕಡೆ ಹೋದವನು ತಿರುಗಿ ಬಂದಿರಲಿಲ್ಲ.

ಆ ಸುಳ್ಳು ಬಯಲುಸೀಮೆಯಲ್ಲಿ ಒಂದು ಚಳಿಗಾಲವನ್ನು ದಾಟಿತು. ಬೇಸಿಗೆಯಲ್ಲಿ ಮಡೆಪ್ಪ ಅದನ್ನು ಹಿಮಾಲಯಕ್ಕೆ ಕರೆದುಕೊಂಡು ಬಂದ. ಬುದ್ಧಿಯಿದ್ದವನು ಮಾಡುವ ಕೆಲಸವಲ್ಲ ಅದು.

ಈಗ ಗಂಡ ಹೆಂಡತಿ ಇಬ್ಬರೂ ಪಂವಾಲಿಯ ಏರಿನಲ್ಲಿದ್ದರು. ಗಂಗೋತ್ರಿಯ ನೀರನ್ನು ಕಾಲ್ನಡಿಗೆಯಲ್ಲೇ ಒಯ್ದು ಕೇದಾರನಾಥನ ತಲೆಯ ಮೇಲೆ ಸುರಿಯುವವರು ಹಿಡಿಯುವ ದಾರಿ ಅದು. ಒಂದು ಗುಡ್ಡ ಹತ್ತಿ, ಕಣಿವೆಗೆ ಇಳಿದು, ಹಗ್ಗದ ಸೇತುವೆ ದಾಟಿ, ಮತ್ತೊಂದು ಗುಡ್ಡ ಹತ್ತಬೇಕು, ಹೀಗೆ ದಿನಗಟ್ಟಲೆ. ರಾತ್ರಿ ತಂಗಲು ಹುಲ್ಲು ಹೊದಿಸಿದ ಚಟ್ಟಿಗಳು. ಅಂಗಡಿಯವನಿಂದ ಹಿಟ್ಟು ಕೊಂಡರೆ ಅಡುಗೆಗೆ ಪಾತ್ರೆ ಅವನೇ ಕೊಡುತ್ತಾನೆ. ದೂರದ ಬೆಟ್ಟ ನುಣ್ಣಗೆ ಎಂದು ಗಾದೆ ಕಟ್ಟಿದ ಮಹಾರಾಯ ಹೆಚ್ಚೆಂದರೆ ಬೀದರ ಕೋಟೆಯ ದಿಬ್ಬ ಕಂಡಿದ್ದಿರಬೇಕು. ಇಲ್ಲಿಯ ಬೆಟ್ಟ ದೂರದಿಂದಲೂ ನುಣ್ಣಗಿರಲಿಲ್ಲ. ಕಾಡು ಮುಗಿದ ಮೇಲೆ ಬರಿ ಹುಲ್ಲಿನ ಏರು, ಅದರ ಮೇಲೆ ಕಲ್ಲು, ಕಲ್ಲಿನ ಮೇಲೆ ಹಳೆಯ ಹಿಮ. ಉಸಿರು ಎಳೆದಷ್ಟೂ ಸಾಲದಂಥ ಗಾಳಿ.

ಸುಂದರಬಾಯಿಯ ಕೈಯಲ್ಲಿ ಬಾಯಿಗೆ ಮೇಣ ಮೆತ್ತಿದ ತಾಮ್ರದ ತಂಬಿಗೆಯಿತ್ತು. ಗಂಗೋತ್ರಿಯಲ್ಲಿ ತುಂಬಿದ ಮೇಲೆ ಅದನ್ನು ಅವಳು ನೆಲಕ್ಕೆ ತಾಗಿಸಿರಲಿಲ್ಲ. ಊಟಕ್ಕೆ ಕೂತರೆ ಗಿಡದ ಟೊಂಗೆಗೆ ಕಟ್ಟುತ್ತಿದ್ದಳು, ಮಲಗಿದರೆ ಚಟ್ಟಿಯ ತೊಲೆಗೆ. ಬೀದರಿನಲ್ಲಿ ಒಬ್ಬ ಬೈರಾಗಿ ಹೇಳಿದ್ದ: ನೆಲ ಮುಟ್ಟದ ಗಂಗೆಯನ್ನು ಕೇದಾರನಿಗೆ ಹೆತ್ತ ತಾಯಿ ಎರೆದರೆ, ಕಳೆದ ಮಗ ಇದ್ದಲ್ಲಿಂದ ಎದ್ದು ಬರುತ್ತಾನೆ. ಬೈರಾಗಿಗೇನು, ಹೇಳಿ ಎದ್ದುಹೋದ. ಅವಳು ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಮಾಣಿಕನನ್ನು ಮಿಲ್ಟ್ರಿಯವರು ಹಿಡಿದು ಎಲ್ಲೋ ಜೇಲಿನಲ್ಲಿ ಇಟ್ಟಿದ್ದಾರೆ, ಇಲ್ಲವಾದರೆ ಗಡಿಯಾಚೆ ಯಾರದೋ ಕುರಿ ಕಾಯುತ್ತಿದ್ದಾನೆ ಎಂಬುದು ಅವಳ ಲೆಕ್ಕ. ಆ ಲೆಕ್ಕಕ್ಕೆ ಹೂಂಗುಟ್ಟುತ್ತ ಬಂದವನು ಮಡೆಪ್ಪನೇ.

ಮಾಣಿಕ ಎಲ್ಲಿದ್ದಾನೆ ಎಂಬುದು ಮಡೆಪ್ಪನಿಗೆ ಗೊತ್ತಿತ್ತು. ಖಟಕ ಚಿಂಚೋಳಿಯ ಹಿಂದಿನ ಹಳ್ಳದ ದಂಡೆಯಲ್ಲಿ, ಜಾಲಿಯ ಬುಡದಲ್ಲಿ, ಮಡೆಪ್ಪನೇ ತೋಡಿದ ಕುಣಿಯಲ್ಲಿದ್ದ.

ನಿಜಾಮನ ಕಡೆಯ ರಜಾಕಾರರು ಊರು ಸುಡುತ್ತಿದ್ದಾಗ ಜೋಳದ ಹೊಲದಲ್ಲಿ ಅಡಗಿದ್ದ ಗಂಡಸರಿಗೆಲ್ಲ, ಅವರು ಓಡಿಹೋದ ಮೇಲೆ ಶೌರ್ಯ ಬಂದಿತ್ತು. ಕೊಂದವರು ಸಿಗದಿದ್ದಾಗ ಕೈಗೆ ಸಿಕ್ಕ ಮುಸಲ್ಮಾನರ ಮೇಲೆ ತೀರಿಸಿಕೊಂಡರು. ಯಾಕೂಬ ಎಂಬ ಉಣ್ಣೆಯ ವ್ಯಾಪಾರಿ ಸಿಕ್ಕ. ವರ್ಷಕ್ಕೆರಡು ಸಲ ಕುರಿ ಕತ್ತರಿಸುವ ಹೊತ್ತಿಗೆ ಹಟ್ಟಿಗೆ ಬಂದು, ಉಣ್ಣೆ ತೂಗಿಸಿಕೊಂಡು, ಸುಂದರಬಾಯಿಯ ಕೈಯ ರೊಟ್ಟಿ ತಿಂದು ಹೋಗುತ್ತಿದ್ದ ಮನುಷ್ಯ. ಅವನು ಓಡಿಬಂದು ಮಾಣಿಕನ ಕುರಿಯ ದೊಡ್ಡಿಯೊಳಗೆ ಹೊಕ್ಕ. ಗುಂಪು ಬಂತು. ಮಾಣಿಕ ದೊಡ್ಡಿಯ ಬಾಗಿಲಿಗೆ ಅಡ್ಡ ನಿಂತ. ಮುಂದೆ ಇದ್ದವನು ಬಕ್ಕಪ್ಪ, ಸುಂದರಬಾಯಿಯ ಒಡಹುಟ್ಟಿದ ತಮ್ಮ. ಅವನ ಕೈಯಲ್ಲಿ ಕೊಡಲಿ ಇತ್ತು. ಬೆಳಿಗ್ಗೆ ಮಡೆಪ್ಪ ಮಗನನ್ನು ಹುಡುಕಿಕೊಂಡು ಹೋದಾಗ ಬಕ್ಕಪ್ಪ ಅಲ್ಲೇ ಮಣ್ಣಿನಲ್ಲಿ ಕೂತಿದ್ದ. ಮಬ್ಬಿನಲ್ಲಿ ಮಾರಿ ಕಾಣಲಿಲ್ಲ ಮಾವ, ಅಂದ. ಕುಣಿ ತೋಡಲು ಹಾರೆಗೆ ಕೈ ಹಾಕಿದ, ಮಡೆಪ್ಪ ಮುಟ್ಟಗೊಡಲಿಲ್ಲ. ಹೆಣ ಎರಡಿದ್ದವು, ಕಂಬಳಿ ಒಂದೇ ಇತ್ತು. ಅದನ್ನು ಮಗನಿಗೆ ಹೊದಿಸಿದ. ಯಾಕೂಬನ ಮೇಲೆ ಬರಿ ಮಣ್ಣೆಳೆದ.

ಹೆಂಡತಿಗೆ ಯಾಕೆ ಹೇಳಲಿಲ್ಲ ಎಂದು ಕೇಳುವುದು ಸುಲಭ. ಹೇಳಿದ್ದರೆ ಅವಳಿಗೆ ಒಂದೇ ದಿನ ಮಗನೂ ಹೋಗುತ್ತಿದ್ದ, ತವರೂ ಹೋಗುತ್ತಿತ್ತು. ಒಂದನ್ನಾದರೂ ಉಳಿಸೋಣ ಎಂದುಕೊಂಡ. ಆದರೆ ಉಳಿಸಿದ್ದನ್ನು ದಿನವೂ ಕಣ್ಣೆದುರು ನೋಡಬೇಕಾಯಿತು. ಬಕ್ಕಪ್ಪ ನಾಗರಪಂಚಮಿಗೆ ಸೀರೆ ಹಿಡಿದು ಬರುವವನು, ಈಗ ವಾರವಾರ ಬರತೊಡಗಿದ. ಕಟ್ಟಿಗೆ ಒಡೆದುಕೊಟ್ಟ, ಮನೆಯ ಮಾಳಿಗೆಗೆ ಮಣ್ಣು ಹಾಕಿದ. ನನ್ನ ತಮ್ಮನಂಥವರು ಊರಿಗೆ ಒಬ್ಬರಿಲ್ಲ ಎಂದು ಸುಂದರಬಾಯಿ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು.

ಯಾತ್ರೆಗೆ ಹೊರಟ ದಿನ ಅವನು ಭಾಲ್ಕಿಯ ಸ್ಟೇಷನ್ನಿಗೂ ಬಂದ. ಹೊಸ ಕರಿ ಕಂಬಳಿಯೊಂದನ್ನು ತಂದಿದ್ದ. ಹುಣಸೆಬೀಜದ ಗಂಜಿ ಹಚ್ಚಿ ಗಟ್ಟಿ ನೇಯಿಸಿದ್ದು, ನೀರು ಸುರಿದರೂ ಒಳಗೆ ಇಳಿಯದಂಥದು. ಮಡೆಪ್ಪನ ಹೆಗಲ ಮೇಲೆ ಹಾಕಲು ಹೋದ. ಮಡೆಪ್ಪ ಒಂದು ಹೆಜ್ಜೆ ಹಿಂದಕ್ಕೆ ಸರಿದ. ಸುಂದರಬಾಯಿಗೆ ನಾಚಿಕೆಯಾಗಿ, ತಾನೇ ಇಸಿದುಕೊಂಡು ಮಡಿಚಿ ಬಗಲಲ್ಲಿ ಇಟ್ಟುಕೊಂಡಳು. ಉಡುಗೊರೆ ಕೊಡಲು ಬಂದವರ ಮಾರಿಗೆ ಹೀಗೆ ಹೊಡೆಯುತ್ತಾರೇನು ಎಂದು ವಿಕಾರಾಬಾದ ಬರುವವರೆಗೂ ಗಂಡನನ್ನು ಬೈದಳು. ಹೃಷಿಕೇಶದಿಂದ ಈಚೆಗೆ ಆ ಕಂಬಳಿ ಅವಳ ಮೈಮೇಲೇ ಇತ್ತು. ಮಡೆಪ್ಪನ ಮೈಮೇಲೆ ಎರಡು ಅಂಗಿ, ಒಂದು ಧೋತರ, ತಲೆಗೊಂದು ರುಮಾಲು. ಚಟ್ಟಿಗಳಲ್ಲಿ ಅವಳು ಅರ್ಧ ಕಂಬಳಿ ಹೊದಿಸಲು ಬಂದರೆ, ಸೆಕೆ ಆಗುತ್ತದೆ ಅನ್ನುತ್ತಿದ್ದ. ಹಲ್ಲು ಕಟಕಟ ಅನ್ನುವಾಗ ಸೆಕೆ!

ಅವರ ತಂಡವನ್ನು ನಡೆಸುತ್ತಿದ್ದವನು ಭಾಲ್ಕಿಯ ಕಾಶೀರಾಮ. ವರ್ಷವರ್ಷವೂ ಯಾತ್ರಿಕರನ್ನು ಕರೆತಂದು ಬೆಟ್ಟಕ್ಕೂ ಮನುಷ್ಯರ ಗೊಣಗಾಟಕ್ಕೂ ಒಗ್ಗಿಹೋಗಿದ್ದ. ರೊಟ್ಟಿ ಸರಿಯಿಲ್ಲ, ಹಾಸಿಗೆ ಸರಿಯಿಲ್ಲ ಅಂದವರಿಗೆ, ಕಂಬಳಿಯ ಮೇಲೆ ಕೂತು ಉಂಡು ಕೂದಲು ಬಂತು ಅಂದರೆ ಹೇಗೆ ಎಂದು ನಗುತ್ತಿದ್ದವನು, ಆ ಮುಂಜಾನೆ ಸುಂದರಬಾಯಿಯನ್ನು ನೋಡಿ ನಗಲಿಲ್ಲ. ಅವಳ ಕಾಲು ಬಾತಿದ್ದವು, ತುಟಿ ನೀಲಿಗಟ್ಟಿದ್ದವು, ನಾಲ್ಕು ಹೆಜ್ಜೆಗೊಮ್ಮೆ ಕಲ್ಲು ಹಿಡಿದು ನಿಲ್ಲುತ್ತಿದ್ದಳು. ಮಡೆಪ್ಪನನ್ನು ಬದಿಗೆ ಕರೆದ.

"ಈಗ ಕೆಳಗ ಇಳಿಸಿದ್ರ ಬದಕ್ತಾಳ. ಮ್ಯಾಲ ಒಯ್ದ್ರ ನಾ ಜಿಮ್ಮೇದಾರ ಅಲ್ಲ ನೋಡ್ರಿ," ಅಂದ.

ಅಷ್ಟು ಹೇಳಿ ಉಳಿದವರನ್ನು ಕರೆದುಕೊಂಡು ಮುಂದೆ ಹೋದ. ಮೋಡ ಕಟ್ಟುವ ಮೊದಲು ಅವರನ್ನು ಆಚೆಯ ಚಟ್ಟಿಗೆ ಮುಟ್ಟಿಸಬೇಕಿತ್ತು.

ಮಡೆಪ್ಪ ಹೆಂಡತಿಗೆ ಇಳಿದುಹೋಗೋಣ ಅಂದ. ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ನನಗೆ ಆಗುವುದಿಲ್ಲ, ಮೊಣಕಾಲು ಹಿಡಿದಿದೆ ಎಂದು ಸುಳ್ಳು ಹೇಳಿದ. ಹಾಗಾದರೆ ನೀವು ಇಳಿಯಿರಿ, ನಾನು ತಂಬಿಗೆ ಮುಟ್ಟಿಸಿ ಬರುತ್ತೇನೆ ಅಂದಳು. ಅವಳನ್ನು ತಿರುಗಿಸುವ ಮಾತು ಜಗತ್ತಿನಲ್ಲಿ ಒಂದೇ ಇತ್ತು, ಅದು ಅವನ ಗಂಟಲಲ್ಲಿತ್ತು. ಹೇಳಿದರೆ ಬೆಟ್ಟ ಇಳಿದಾಳು, ಆದರೆ ಇಳಿದು ಯಾವ ಮನೆಗೆ ಹೋದಾಳು? ಹೇಳದಿದ್ದರೆ ಇಲ್ಲದ ಮಗನಿಗಾಗಿ ಈ ಕಲ್ಲಿನಲ್ಲಿ ಉಸಿರು ಬಿಟ್ಟಾಳು. ಆ ತಿರುವಿನಲ್ಲಿ ಹೇಳುತ್ತೇನೆ ಎಂದುಕೊಂಡ. ತಿರುವು ಬಂತು, ಮುಂದಿನದರಲ್ಲಿ ಎಂದುಕೊಂಡ. ಹೆದರಿದವನಿಗೆ ಬೆಟ್ಟದಲ್ಲಿ ತಿರುವುಗಳಿಗೆ ಬರವಿಲ್ಲ.

ಏರಿನ ತುದಿಯ ಹತ್ತಿರ ಒಂದು ಹಳ್ಳ ಅಡ್ಡ ಬಂತು. ಹಿಮ ಕರಗಿದ ನೀರು, ಸೊಂಟದಷ್ಟು, ಕಲ್ಲನ್ನೂ ಉರುಳಿಸುವಂಥ ಸೆಳೆತ. ದಾಟಲು ಎರಡು ಮರದ ದಿಮ್ಮಿ. ಎದುರಿನಿಂದ ಗುಡ್ಡದ ಕುರುಬನೊಬ್ಬ ಹಿಂಡು ಹೊಡೆದುಕೊಂಡು ಬರುತ್ತಿದ್ದ. ಒಂದೊಂದು ಕುರಿಯ ಬೆನ್ನಿಗೂ ಉಪ್ಪಿನ ಸಣ್ಣ ಚೀಲ ಕಟ್ಟಿತ್ತು. ಕುರಿ ಹೇರು ಹೊರುವುದನ್ನು ಸುಂದರಬಾಯಿ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಅಂಥ ಏದುಸಿರಿನಲ್ಲೂ ನಕ್ಕಳು. ನಮ್ಮ ಕುರಿಗಳಿಗೆ ಇದನ್ನು ಹೇಳಬೇಡಿ, ಔರಾದ ಸೀಮೆಯನ್ನೇ ಬಿಟ್ಟು ಓಡಿಹೋದಾವು, ಅಂದಳು. ಇಬ್ಬರೂ ಕಲ್ಲಿನ ಮೇಲೆ ಕೂತು ಹಿಂಡು ದಾಟುವುದನ್ನು ನೋಡಿದರು.

ಹಿಂಡು ದಾಟಿತು. ಕೊನೆಗೆ ಬಂದ ಕುರುಬನ ಕಾಲು ದಿಮ್ಮಿಯ ಮೇಲೆ ಜಾರಿತು. ನೀರಿಗೆ ಬಿದ್ದ, ಮುಳುಗಿದ, ಉರುಳಿದ, ಕೆಳಗೆ ಒಂದು ಬಂಡೆಗೆ ಸಿಕ್ಕಿ ತೆವಳುತ್ತ ದಂಡೆಗೆ ಬಂದ. ಕೋಲು ಹೋಗಿತ್ತು, ಟೊಪ್ಪಿಗೆ ಹೋಗಿತ್ತು, ಒಂದು ಕಾಲಿನ ಜೋಡು ಹೋಗಿತ್ತು. ಕಂಬಳಿಯ ಅಂಚು ಮಾತ್ರ ಅವನ ಹಲ್ಲಿನಲ್ಲಿತ್ತು. ಅದನ್ನು ಹಿಂಡಿ, ಕೊಡವಿ, ಹೆಗಲಿಗೆ ಹಾಕಿಕೊಂಡು, ಕುರಿಗಳಿಗೆ ಸೀಟಿ ಹೊಡೆಯುತ್ತ ಇಳಿದುಹೋದ.

"ಹೊಳ್ಯಾಗ ಬಿದ್ದರೂ ಕಂಬಳಿ ಬಿಡಲಿಲ್ಲ ನೋಡ್ರಿ," ಅಂದಳು ಸುಂದರಬಾಯಿ.

ಮೆಚ್ಚಿಕೊಂಡೇ ಅಂದ ಮಾತು. ಆಮೇಲೆ ಗಂಡನ ಬರಿ ಹೆಗಲನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಮಡೆಪ್ಪ ಎದ್ದು ರುಮಾಲು ಬಿಗಿದುಕೊಂಡು, ನಡಿ ಹೋಗೋಣ, ಮೇಲಕ್ಕೇ ಹೋಗೋಣ, ಅಂದ. ಬೆಳಗಿನಿಂದ ಕೆಳಗೆ ಕರೆದವನು ಈಗ ಮೇಲೆ ಕರೆದ. ಅವಳು ಏಳಲಿಲ್ಲ.

"ನೀವು ಕಂಬಳಿ ಯಾರ ಮ್ಯಾಲ ಹೊಚ್ಚಿ ಬಂದ್ರಿ?"

ಅವನು ಹಳ್ಳದ ಕಡೆ ನೋಡುತ್ತ ನಿಂತ. ಉತ್ತರ ಅವಳಿಗೆ ಅಲ್ಲೇ ಸಿಕ್ಕಿತು. ಆದರೂ ಅವಳ ಕೈ ತನ್ನ ಮೈಮೇಲಿನ ಕಂಬಳಿಯನ್ನು ಮುಟ್ಟಿ ಮುಟ್ಟಿ ನೋಡುತ್ತಿತ್ತು, ಸ್ಟೇಷನ್ನಿನಲ್ಲಿ ಗಂಡ ಹಿಂದಕ್ಕೆ ಸರಿದದ್ದು ನೆನಪಾಗುತ್ತಿತ್ತು.

"ಬಕ್ಕಪ್ಪ ಕೊಟ್ಟಿದ್ದು ಯಾಕ ಮುಟ್ಟಲಿಲ್ಲರಿ ನೀವು?"

ಮಡೆಪ್ಪ ಕೂತ. ಎಲ್ಲ ಹೇಳಿದ. ದೊಡ್ಡಿಯ ಬಾಗಿಲು, ಯಾಕೂಬ, ಕೊಡಲಿ, ಜಾಲಿಯ ಗಿಡ. ಒಂದನ್ನೂ ಬಿಡದೆ ಹೇಳಿದ. ಒಳಗಿಟ್ಟುಕೊಂಡದ್ದನ್ನು ಹೇಳಿಬಿಟ್ಟರೆ ಎದೆ ಹಗುರಾಗುತ್ತದೆ ಎನ್ನುತ್ತಾರೆ. ಅವನಿಗೆ ಹಾಗೇನೂ ಆಗಲಿಲ್ಲ. ಹೊತ್ತಿದ್ದ ಕಲ್ಲನ್ನು ಹೆಂಡತಿಯ ಎದೆಯ ಮೇಲೆ ಇಟ್ಟಂತಾಯಿತು, ತನ್ನದೂ ಇಳಿಯಲಿಲ್ಲ.

ಅವಳು ಅಳಲಿಲ್ಲ. ಅಳುವುದಕ್ಕೆ ಬೇಕಾದಷ್ಟು ಉಸಿರೇ ಅವಳಲ್ಲಿರಲಿಲ್ಲ.

"ಬಾಯಾಗ ನೀರ ಬಿಟ್ಟಿದ್ರೇನ್ರಿ?" ಅಂತ ಕೇಳಿದಳು.

"ನಾ ಹೋಗೂದ್ರಾಗ ಹಲ್ಲ ಕಚ್ಚಿದ್ದವು, ಸುಂದ್ರಾ."

ಅವಳು ತಂಬಿಗೆಯನ್ನು ಪಕ್ಕದಲ್ಲಿ ನೆಲದ ಮೇಲೆ ಇಟ್ಟಳು. ಗಂಗೋತ್ರಿಯಿಂದ ಈಚೆಗೆ ಅದು ಮೊದಲ ಸಲ ಮಣ್ಣು ಮುಟ್ಟಿತು.

ಆ ಹೊತ್ತಿಗೆ ಮೋಡ ಇಳಿಯಿತು. ಮೊದಲು ಆಲಿಕಲ್ಲು, ಆಮೇಲೆ ಹಿಮ. ಮುಂದಿನ ದಾರಿ ಅಳಿಸಿತು, ಬಂದ ದಾರಿಯೂ ಅಳಿಸಿತು, ಹಳ್ಳದ ಸದ್ದು ಮಾತ್ರ ಉಳಿಯಿತು. ಮಡೆಪ್ಪ ಅವಳನ್ನು ಎಳೆದುಕೊಂಡು ಒಂದು ಬಂಡೆಯ ಮರೆಗೆ ಹೋದ. ಅಲ್ಲಿ ಕೂತೊಡನೆ ಅವಳು ಮೈಮೇಲಿನ ಕಂಬಳಿಯನ್ನು ಕಿತ್ತು ಹಿಮದ ಮೇಲೆ ಎಸೆದಳು. ತೆಳ್ಳನೆಯ ಇಳಕಲ್ ಸೀರೆಯಲ್ಲಿ ಮೊಣಕಾಲು ಅಪ್ಪಿಕೊಂಡು ಕೂತಳು. ಸ್ವಲ್ಪ ಹೊತ್ತಿಗೆ ಅವಳ ಮೈ ನಡುಗಲು ಶುರುವಾಯಿತು. ಆಮೇಲೆ ನಡುಗುವುದೂ ಕಡಿಮೆಯಾಗತೊಡಗಿತು. ಚಳಿಗೆ ಸಿಕ್ಕ ಕುರಿಮರಿ ನಡುಗುವುದು ನಿಲ್ಲಿಸಿದರೆ ಏನರ್ಥ ಎಂಬುದು ಮಡೆಪ್ಪನಿಗೆ ಚೆನ್ನಾಗಿ ಗೊತ್ತಿತ್ತು.

ಅವನು ಎದ್ದುಹೋಗಿ ಆ ಕಂಬಳಿಯನ್ನು ಎತ್ತಿದ. ಸ್ಟೇಷನ್ನಿನಲ್ಲಿ ಮುಟ್ಟದ್ದನ್ನು ಎರಡೂ ಕೈಯಿಂದ ಎತ್ತಿ, ಹಿಮ ಕೊಡವಿ, ಅವಳ ತಲೆಯ ಮೇಲಿಂದ ಹೊದಿಸಿದ. ಅವಳು ತಳ್ಳಿದಳು. ಮತ್ತೆ ಹೊದಿಸಿದ. ಮೂರನೆಯ ಸಲ ತಳ್ಳುವಷ್ಟು ಶಕ್ತಿ ಅವಳಿಗೆ ಇರಲಿಲ್ಲ. ಒಳಗಿನಿಂದ ಅವಳ ಧ್ವನಿ ಬಂತು.

"ನೀವೂ ಒಳಗ ಬರ್ರಿ. ಸಾಯಬ್ಯಾಡ್ರಿ."

ಅವನು ಒಳಗೆ ಸರಿದ. ಹೊರಗೆ ಹಿಮ ಸುರಿಯುತ್ತಿತ್ತು. ಬಕ್ಕಪ್ಪ ಉಣ್ಣೆ ಆರಿಸಿ ತಂದು ನೇಯಿಸಿದ್ದ. ಒಂದು ಹನಿಯೂ ಒಳಗೆ ಇಳಿಯಲಿಲ್ಲ. ಕಂಬಳಿ ಬೆಚ್ಚಗಿತ್ತು.