ಕಂದು ಶಾಯಿಯ ಬಂಡೆ

"ಆ ಕಡೆ ಮೂಲೆ ನೀನು ಹಿಡ್ಕೋ ಅಕ್ಕಾ," ಎಂದಳು ತಂಗಿ. ಅಗಲವಾದ ತಟ್ಟೆಯಲ್ಲಿ ನೀರು ಅಲುಗದೆ ನಿಂತಿತ್ತು. ಪಕ್ಕದಲ್ಲಿ ಇನ್ನೂರು ವರ್ಷದ ಸಮುದ್ರ ನಕ್ಷೆ ಮೈಚಾಚಿ ಮಲಗಿತ್ತು. ಹಳೆಯ ಅಂಟು, ಕೊಳೆ ಬಿಡಬೇಕಾದರೆ ಅದು ನೀರಿಗಿಳಿಯಲೇಬೇಕು.

ಹಳೆಯ ಕಾಗದಗಳನ್ನು ಸರಿಪಡಿಸುವ ಈ ಕೆಲಸ ತಂದೆಯದು. ಅವರ ನಂತರ ಅಕ್ಕ ನಡೆಸಿಕೊಂಡು ಬಂದಳು. ತಂಗಿಗೆ ಅಂಟು ಕಲಸುವುದರಿಂದ ಹಿಡಿದು ಎಲ್ಲವನ್ನೂ ಕಲಿಸಿದವಳೂ ಅವಳೇ. ಆದರೆ ವಸ್ತುಸಂಗ್ರಹಾಲಯದ ಪತ್ರ ಬಂದದ್ದು ತಂಗಿಯ ಹೆಸರಿಗೆ. ನಕ್ಷೆಯ ಕೆಳಗೆ ಹಾಕುವ ಫಲಕದಲ್ಲೂ ಆ ಹೆಸರೇ ಇರುತ್ತದಂತೆ. ಅಂದಿನಿಂದ ತಂಗಿ ಕೊಟ್ಟ ಚಹಾ ಕೂಡ ಅಕ್ಕನಿಗೆ ರುಚಿಸುತ್ತಿರಲಿಲ್ಲ. ಕಣ್ಣು ಮುಚ್ಚಿ ದೇವರ ಮುಂದೆ ಕೂತರೆ ಫಲಕವೇ ಬಂದು ನಿಲ್ಲುತ್ತಿತ್ತು.

ಹೊಸ ತೀರಗಳನ್ನು ಹುಡುಕಿ ಹೊರಟ ನಾವಿಕನೊಬ್ಬ ಬರೆದ ನಕ್ಷೆ ಅದು. ಒಂದು ಕೊಲ್ಲಿಯನ್ನು ಆತ ಆಳದ ನೀರೆಂದು ಗುರುತಿಸಿದ್ದ. ಅದನ್ನು ನಂಬಿ ಹೋದ ಹಡಗು ಬಂಡೆಗೆ ಬಡಿದು ಮುಳುಗಿತು. ಸುದ್ದಿ ಕೇಳಿದ ಆತ ಮುಪ್ಪಿನಲ್ಲಿ ಮತ್ತೆ ಅಲ್ಲಿಗೆ ಹೋಗಿ, ಹಗ್ಗ ಇಳಿಬಿಟ್ಟು ಆಳ ಅಳೆದು, ತನ್ನ ನಕ್ಷೆಯ ಮೇಲೆಯೇ ಬಂಡೆಯನ್ನು ಬರೆದ. ಆ ಗುರುತಿಗಾಗಿಯೇ ನಕ್ಷೆಗೆ ಇಷ್ಟು ಬೆಲೆ.

ಬಂಡೆಯ ಶಾಯಿ ಬೇರೆ, ಹಡಗಿನಲ್ಲಿ ಏನನ್ನೋ ಕಲಸಿ ಮಾಡಿಕೊಂಡದ್ದು. ನಕ್ಷೆ ಬಂದ ದಿನವೇ, ಕಿಟಕಿಯ ಓರೆ ಬೆಳಕಿನಲ್ಲಿ, ಆ ಕಪ್ಪಿನೊಳಗಿನ ಕಂದು ಅಕ್ಕನಿಗೆ ಕಂಡಿತ್ತು. ನೀರು ತಾಗಿದರೆ ಅದು ಉಳಿಯದು. ತಂಗಿ ಕರಾವಳಿಯ ಕಪ್ಪಿಗೆ, ಅಂಚಿನ ಕೆಂಪಿಗೆ ಹನಿ ಹಾಕಿ ಪರೀಕ್ಷಿಸಿದ್ದಳು. ಬಂಡೆಯದೂ ಅದೇ ಕಪ್ಪೆಂದುಕೊಂಡಿದ್ದಳು. ನಾಲ್ಕು ದಿನವಾದರೂ ಅಕ್ಕ ಬಾಯಿ ಬಿಟ್ಟಿರಲಿಲ್ಲ.

"ಯಾವ ಶಾಯೀನೂ ಬಿಡ್ತಿಲ್ಲ. ಇಳಿಸ್ಲಾ?"

"ನಿನ್ನ ಹೆಸರಿಗೆ ಬಂದಿರೋ ಕೆಲಸ. ನನ್ನನ್ನೇನು ಕೇಳ್ತೀಯ?"

"ಹೆಸರು ಲಕೋಟೆ ಮೇಲಿರೋದು ಅಕ್ಕಾ. ಕಣ್ಣು ನಿಂದೇ ತಾನೆ?" ತಂಗಿ ನಕ್ಕಳು.

ಆ ನಗು ಅಕ್ಕನಿಗೆ ಚುಚ್ಚಿತು. "ಇಳಿಸು," ಎಂದಳು.

ಕಾಗದದ ಅಂಚು ನೀರು ಮುಟ್ಟಿತು. ಒದ್ದೆ ಮೆಲ್ಲಗೆ ಮೇಲೇರಿ ಕರಾವಳಿ ದಾಟಿತು. ಬಂಡೆಗೆ ಇನ್ನೆರಡು ಬೆರಳು ದೂರವಿದ್ದಾಗ ಅಕ್ಕ ನೀರಿಗೆ ಕೈ ತೂರಿಸಿ ನಕ್ಷೆಯನ್ನು ಕೆಳಗಿನಿಂದ ಎತ್ತಿಬಿಟ್ಟಳು. ಜಾರದಂತೆ ಒತ್ತಿ ಹಿಡಿದಾಗ ಒದ್ದೆ ಹೆಬ್ಬೆರಳು ಬಂಡೆಯ ಮೇಲೇ ಬಿತ್ತು.

ಇಬ್ಬರೂ ಸೇರಿ ನಕ್ಷೆಯನ್ನು ನೀರು ಹೀರುವ ಒಣ ಒತ್ತುಕಾಗದದ ಮೇಲೆ ಮಲಗಿಸಿದರು. ಬಂಡೆ ಉಳಿದಿತ್ತು, ಒಂದು ಬದಿ ಮಾತ್ರ ಮಸುಕಾಗಿತ್ತು. ತಂಗಿ ಅದನ್ನು ನೋಡಿದಳು, ಆಮೇಲೆ ಕಂದು ಹತ್ತಿದ ಅಕ್ಕನ ಹೆಬ್ಬೆರಳನ್ನು.

"ಯಾವಾಗಿಂದ ಗೊತ್ತಿತ್ತು?"

"ಬಂದ ದಿನದಿಂದ."

ತಂಗಿ, ನಕ್ಷೆಗೆ ಏನೇನಾಯಿತೆಂದು ಸಂಗ್ರಹಾಲಯಕ್ಕೆ ಬರೆದು ಕಳಿಸಬೇಕಾದ ವರದಿಯ ಹಾಳೆಯನ್ನು ಅಕ್ಕನ ಮುಂದಿಟ್ಟು, ಪೆನ್ನಿಟ್ಟು, ತಟ್ಟೆಯ ನೀರು ಚೆಲ್ಲಲು ಹೊರಗೆ ಹೋದಳು.

ಅಕ್ಕ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಮೊದಲ ಸಾಲು ಬರೆಯುವ ಮೊದಲೇ ಅದರ ಅಂಚಿನಲ್ಲಿ ಹೆಬ್ಬೆರಳಿನ ಕಂದು ಗುರುತು ಮೂಡಿತು.