ಹಿಂದಿನ ತ್ರಿಕೋನ

ನನ್ನ ಕೆಲಸ ಪೈಪುಗಳ ಲೆಕ್ಕ. ರಾಸ್ ಲಫಾನ್‌ನಲ್ಲಿ ಅನಿಲ ಹರಿಯುವ ಪೈಪು ಬಿಸಿಗೆ ಹಿಗ್ಗುತ್ತದೆ, ತಣ್ಣಗಾದರೆ ಕುಗ್ಗುತ್ತದೆ. ಎಲ್ಲಿ ಎಷ್ಟು ಬಾಗಲು ಬಿಡಬೇಕು ಎಂದು ದೋಹಾದ ಆಫೀಸಿನಲ್ಲಿ ಕೂತು ಹೇಳುವವಳು ನಾನು. ಸಾಧ್ಯವಿದ್ದಲ್ಲೆಲ್ಲ ಜಾಯಿಂಟ್ ತಪ್ಪಿಸುತ್ತೇನೆ. ಜಾಯಿಂಟ್ ಇದ್ದಲ್ಲೇ ಮೊದಲು ಸೋರುವುದು. ಪೈಪಿಗೇ ಒಂದು ತಿರುವು ಕೊಟ್ಟರೆ ಅದು ತಾನೇ ಬಾಗಿ ಸುಧಾರಿಸಿಕೊಳ್ಳುತ್ತದೆ.

ನನ್ನ ಗಂಡ ಸುಪ್ರೀತ್ ರಾಸ್ ಲಫಾನ್ ಪ್ಲಾಂಟಿನಲ್ಲಿದ್ದ. ಬಿಡುವು ಸಿಕ್ಕಾಗ ಕ್ರಾಸ್‌ಕಂಟ್ರಿ ರೇಸಿನ ಮೌಂಟನ್ ಬೈಕ್ ಸೈಕಲಿಗೆ ಫ್ರೇಮಿನ ಡ್ರಾಯಿಂಗ್ ಬರೆಯುತ್ತಿದ್ದ. ಓಡಿಸಬೇಕಿದ್ದವನು ಅವನ ಸ್ನೇಹಿತ, ಉಳ್ಳಾಲದ ಅಮೀನ್. ಒಂದು ಮಂಜಿನ ಬೆಳಿಗ್ಗೆ, ಅಲ್ ಖೋರ್ ರಸ್ತೆಯ ಅಪಘಾತದಲ್ಲಿ, ಸುಪ್ರೀತ್ ಹೋದ. ಡ್ರಾಯಿಂಗ್ ಉಳಿಯಿತು.

ಫ್ರೇಮ್ ಎಂದರೆ ಎರಡು ತ್ರಿಕೋನ. ಮುಂದಿನದರ ಮೇಲೆ ಸವಾರ, ಹಿಂದಿನದರಲ್ಲಿ ಚಕ್ರ. ಕಲ್ಲು ತಗುಲಿದಾಗ ಹಿಂದಿನ ತ್ರಿಕೋನ ಮೇಲೆದ್ದು ಶಾಕ್ ಅಬ್ಸಾರ್ಬರನ್ನು ಒತ್ತಬೇಕು. ಅದಕ್ಕೆಂದು ಸುಪ್ರೀತ್ ಚಕ್ರದ ಅಚ್ಚಿನ ಬಳಿ, ಎರಡೂ ಬದಿ, ಬೇರಿಂಗ್ ಇಟ್ಟಿದ್ದ. ಆದರೆ ಈ ಊರಿನ ದೂಳಿನಲ್ಲಿ ಉಪ್ಪಿದೆ. ಬೇರಿಂಗ್ ಬಾಳುವುದಿಲ್ಲ. ಇಂಥ ಸೈಕಲಿನಲ್ಲಿ ಚಕ್ರ ಏಳುವುದು ಅರ್ಧ ಗೇಣು. ಅಷ್ಟಕ್ಕೆ ಫ್ರೇಮಿನ ಕೊಳವೆಯೇ ತುಸು ಬಾಗಿದರೆ ಸಾಕು.

ಬೇರಿಂಗ್ ತೆಗೆದು, ಆ ಕಡೆಯ ಟೈಟೇನಿಯಂ ಕೊಳವೆಯನ್ನು ಚಪ್ಪಟೆ ಮಾಡಿ ಹೊಸ ಡ್ರಾಯಿಂಗ್ ಬರೆದೆ.

ಅಮೀನ್‌ಗೆ ಹಿಡಿಸಲಿಲ್ಲ. "ಭಾಬಿ, ಅವನ ಡ್ರಾಯಿಂಗ್ ಮುಟ್ಲೇಬೇಕಾ?"

"ಅವನಿದ್ದಿದ್ದರೂ ಮುಟ್ಟುತ್ತಿದ್ದೆ. ಜಗಳ ಆಗುತ್ತಿತ್ತು, ಅಷ್ಟೆ."

ವೆಲ್ಡಿಂಗ್ ಮಾಡುವವರು ಮೆಸಯೀದಿನ ವರ್ಕ್‌ಶಾಪಿನ ಯಾಕೂಬ್ ಭಾಯ್, ಬಂಟ್ವಾಳದವರು. ಫುಟ್‌ಬಾಲ್ ವಿಶ್ವಕಪ್ ಹತ್ತಿರವಾಗಿ ವೆಲ್ಡರುಗಳೆಲ್ಲ ಸ್ಟೇಡಿಯಂಗಳ ಬೇಲಿ, ಗೇಟುಗಳ ಕೆಲಸಕ್ಕೆ ಹೋಗಿದ್ದರು. ಇವರು ರಜೆಯ ದಿನ ನಮಗಾಗಿ ಕೂತರು. ಸುಪ್ರೀತ್ ಹಿಂದೆ ಕೊಟ್ಟಿದ್ದ ಡ್ರಾಯಿಂಗೂ ನನ್ನದೂ ಅವರ ಬಳಿ ಇದ್ದವು. ಕೆಲಸದ ನಡುವೆ ಫೋನ್ ಮಾಡಿದರು.

"ಮೇಡಂ, ಹಿಂದಿನ ಬೇರಿಂಗ್ ಮಾಫಿ ಅಲ್ವಾ?"

ನಾನು ಮೈಸೂರಿನವಳು, ಆಫೀಸಿನಲ್ಲೂ ಬರೀ ಇಂಗ್ಲಿಷ್. ನಮಗೆ ಮಾಫಿ ಎಂದರೆ ಕ್ಷಮೆ. ಬೇರಿಂಗನ್ನು ಉಳಿಸಿಬಿಡಿ ಎಂದು ಅಮೀನ್ ಹೇಳಿಕೊಟ್ಟಿದ್ದಾನೆ ಎಂದುಕೊಂಡೆ.

"ಮಾಫಿ ಗೀಫಿ ಏನೂ ಇಲ್ಲ, ಯಾಕೂಬ್ ಭಾಯ್!"

"ಖಲಾಸ್, ಹಾಗೇ ಮಾಡ್ತೇನೆ," ಎಂದು ಫೋನ್ ಇಟ್ಟರು.

ರೇಸಿನ ಹಿಂದಿನ ವಾರ ಮೆಸಯೀದಿಗೆ ಹೋದಾಗ ಫ್ರೇಮ್ ಸಿದ್ಧವಾಗಿತ್ತು. ಹಿಂದೆ, ಎರಡೂ ಬದಿ, ಹೊಳೆಯುವ ಬೇರಿಂಗ್.

"ನೀವೇ ಹೇಳಿದ್ದಲ್ವಾ ಮಾರಾಯ್ರೆ!" ಯಾಕೂಬ್ ಭಾಯ್ ತಲೆ ಮೇಲೆ ಕೈ ಇಟ್ಟುಕೊಂಡರು. "ಇಲ್ಲಿ ಅರಬ್ಬಿಯಲ್ಲಿ ಮಾಫಿ ಅಂದ್ರೆ ಇಲ್ಲ ಅಂತ. ಬೇರಿಂಗ್ ಇಲ್ಲ ಅಲ್ವಾ ಅಂತ ಕೇಳಿದೆ. ಮಾಫಿ ಇಲ್ಲ ಅಂದ್ರಿ. ಮಾಫಿ ಇಲ್ಲ ಅಂದ್ರೆ ಉಂಟು ಅಂತಲೇ ಅಲ್ವಾ?"

ಅಮೀನ್ ನಗಲಿಲ್ಲ. "ಭಾಬಿ, ಅವನು ಬರೆದ ಹಾಗೇ ಬಂದಿದೆ. ದೇವರೇ ಮಾಡಿಸಿದ್ದು. ಬಿಟ್ಬಿಡಿ."

"ದೇವರಲ್ಲ ಅಮೀನ್. ಮಾಫಿ ಮಾಡಿಸಿದ್ದು. ಇದನ್ನು ಕತ್ತರಿಸಿ ಚಪ್ಪಟೆ ಕೊಳವೆ ಹಾಕಬೇಕು."

"ಕತ್ತರಿಸಿದ ಮೇಲೆ ರೇಸಲ್ಲಿ ಮುರಿದ್ರೆ? ಅವನದು ಅಂತ ಇರೋದು ಇದೊಂದೇ."

ಅದು ನನಗೂ ಗೊತ್ತಿತ್ತು. ಮುರಿದರೆ ನಾನೇ ಮುರಿದ ಹಾಗೆ. ಹೀಗೇ ಬಿಟ್ಟರೆ ಯಾರೂ ಏನೂ ಅನ್ನುವುದಿಲ್ಲ. ಒಂದು ರೇಸ್ ಮುಗಿಸುತ್ತದೆ, ಆಮೇಲೆ ಸವೆಯುತ್ತದೆ, ಗೋಡೆಗೆ ತೂಗುಹಾಕಬಹುದು. ಸುಪ್ರೀತ್ ಫ್ರೇಮ್ ಬರೆದದ್ದು ಗೋಡೆಗಲ್ಲ.

"ಕತ್ತರಿಸಿ," ಅಂದೆ.

ಯಾಕೂಬ್ ಭಾಯ್ ಅಮೀನ್ ಮುಖ ನೋಡಿದರು. ಆಮೇಲೆ ನನ್ನ ಮುಖ. "ಈ ಸಲ ಸರಿಯಾಗಿ ಹೇಳಿ ಮೇಡಂ."

"ಬೇರಿಂಗ್ ಮಾಫಿ."

"ಯಲ್ಲಾ, ಶುರು ಮಾಡುವ," ಎಂದು ಗ್ರೈಂಡರ್ ಎತ್ತಿಕೊಂಡರು.

ಶುಕ್ರವಾರ ಬೆಳಿಗ್ಗೆ ಪಶ್ಚಿಮದ ಸುಣ್ಣಕಲ್ಲಿನ ದಿಬ್ಬಗಳಲ್ಲಿ ರೇಸ್. ನಾನು ಕೊನೆಯ ಗೆರೆಯ ಬಳಿ ನಿಲ್ಲಲಿಲ್ಲ. ಪ್ರತಿ ಸುತ್ತಿನಲ್ಲೂ ಸೈಕಲ್ ಸಮೇತ ಹಾರಿ ಇಳಿಯಬೇಕಾದ, ಮೊಣಕಾಲೆತ್ತರದ ಒಂದು ಕಲ್ಲಿತ್ತು. ನನ್ನ ಲೆಕ್ಕ ತಪ್ಪಿದ್ದರೆ ಅಲ್ಲೇ ಗೊತ್ತಾಗಬೇಕು. ಅಲ್ಲಿ ನಿಂತೆ.

ಮೊದಲ ಸುತ್ತಿನಲ್ಲಿ ಅಮೀನ್ ಸೈಕಲಿನಿಂದ ಇಳಿದು, ಅದನ್ನು ಹೆಗಲಿಗೇರಿಸಿಕೊಂಡು ಕಲ್ಲು ದಾಟಿದ. ಎರಡನೆಯದರಲ್ಲೂ ಹಾಗೇ. ನನ್ನ ಕಡೆ ನೋಡಲಿಲ್ಲ. ಹಿಂದಿದ್ದ ಕೆಲವರು ಅವನನ್ನು ದಾಟಿ ಹೋಗುತ್ತಿದ್ದರು.

"ಅಮೀನ್! ಹೊತ್ಕೊಂಡು ಹೋಗೋದಕ್ಕೆ ಶಾಕ್ ಅಬ್ಸಾರ್ಬರ್ ಯಾಕೋ ಬೇಕಿತ್ತು? ರಾಸ್ ಲಫಾನಿನ ಪೈಪಿಗೆ ಲೆಕ್ಕ ಹಾಕೋಳು ನಾನು! ಓಡಿಸ್ಕೊಂಡೇ ಇಳಿಯೋ!"

ಅಷ್ಟು ಜೋರಾಗಿ ಕೂಗಿ ಬಹಳ ದಿನವಾಗಿತ್ತು. ಗಂಟಲು ಉರಿಯಿತು.

ಮುಂದಿನ ಸುತ್ತಿನಲ್ಲಿ ಓಡಿಸಿಕೊಂಡೇ ಬಂದ. ಹಿಂದಿನ ಚಕ್ರ ನೆಲಕ್ಕೆ ಬಡಿಯಿತು. ಚಪ್ಪಟೆ ಕೊಳವೆ ಬಾಗಿತು, ವಾಪಸ್ ಬಂತು. ಕಣ್ಣಿಗೆ ಕಾಣುವಷ್ಟು ಬಾಗುವುದಿಲ್ಲ ಅದು, ನಾನು ಕಂಡೆ. ಒಂದು ಸದ್ದಿಲ್ಲ. ಅವನ ಬೆನ್ನಿಗೇ ಇಳಿದವನ ಬೇರಿಂಗ್ ಮರಳು ಅರೆಯುತ್ತ ಕಿರುಗುಟ್ಟಿತು.

ಉಳಿದ ಸುತ್ತುಗಳನ್ನೂ ಹಾಗೆಯೇ ಇಳಿದು ಅಮೀನ್ ಐದನೆಯವನಾಗಿ ಮುಗಿಸಿದ. "ಮೊದಲೇ ನಿಮ್ಮ ಮಾತು ಕೇಳಿದ್ರೆ ಮೂರನೆಯವ ಆಗ್ತಿದ್ದೆ ಭಾಬಿ," ಅಂದ, ಏದುಸಿರಿನಲ್ಲೇ.

ನಾನು ದೂಳು ಒರೆಸಿ, ವೆಲ್ಡಿನ ಮೇಲೆ ಉಗುರು ಎಳೆದು ನೋಡಿದೆ. ಎಲ್ಲೂ ಬಿರುಕಿಲ್ಲ.

ಬೇರಿಂಗ್ ಕಿರುಗುಟ್ಟಿಸುತ್ತ ಬಂದಿದ್ದವನು ಫಿಲಿಪೀನ್ಸಿನ ಒಬ್ಬ ನರ್ಸ್. ಬಗ್ಗಿ ನೋಡಿ, ಯಾರ ಡಿಸೈನ್ ಎಂದು ಇಂಗ್ಲಿಷಿನಲ್ಲಿ ಕೇಳಿದ. ಸುಪ್ರೀತ್ ಹೆಸರು ಹೇಳಲು ಬಾಯಿ ತೆರೆದ ಅಮೀನ್, ತಡೆದು, ನನ್ನ ಕಡೆ ನೋಡಿದ.

"ಮುಂದಿನ ತ್ರಿಕೋನ ನನ್ನ ಗಂಡನದು," ಅಂದೆ. "ಹಿಂದಿನದು ನನ್ನದು."

"ನನಗೂ ಒಂದು ಮಾಡಿಕೊಡ್ತೀರಾ?"

ಕೊಳವೆ ಎಷ್ಟು ದಪ್ಪ ಇರಬೇಕು ಎನ್ನುವುದು ಸವಾರನನ್ನು ನೋಡಿ ನಿಶ್ಚಯಿಸುವ ಮಾತು.

"ನಿಮ್ಮ ತೂಕ ಎಷ್ಟು?" ಎಂದು ಕೇಳಿದೆ.